ಕೌದಿ ಮೇಲಿನ ಕೆಂಪು ಕಲೆ

2023 ಜುಲೈ 23, ರವಿವಾರ, ಶಿರಸಿ

ಬೆಳಗಿಂದ ಒಂದೇ ಸಮ ಹೊಯ್ತಾ ಇದೆ ಮಳೆ. ಕಪಾಟಿನ ಬಟ್ಟೆಗೆಲ್ಲ ಬೂಷ್ಟು ವಾಸನೆ ಹತ್ತಿತ್ತು ಅಂತ ಬಚ್ಚಲೊಲೆ ಎದುರಿಗೆ ಹಗ್ಗ ಕಟ್ಟಿ ಒಂದೊಂದೇ ಹರವ್ತಾ ಇದ್ದೆ, ಎಲ್ಲದರ ಅಡಿಗೆ ಇದ್ದ ಕೌದಿ ಕೈಗೆ ಬಂತು. ಬಿಡಿಸಿ ನೋಡಿದ್ರೆ ನಡುಮಧ್ಯ ಅಂಗೈಯಗಲ ಹರಿದುಹೋಗಿದೆ. ಹರಿದಿದ್ದು ಬೇರೆ ಯಾವ ತುಂಡೂ ಅಲ್ಲ, ನಾನು ಹಟ ಮಾಡಿ ಹಾಕ್ಸಿದ ರೇಷ್ಮೆ ತುಂಡು. ಅದರ ಪಕ್ಕದ ಶಾಲೆ ಯೂನಿಫಾರ್ಮಿನ ನೀಲಿ ಸ್ಕರ್ಟಿನ ತುಂಡು ಹದಿಮೂರು ವರ್ಷ ಆದ್ರೂ ಹಂಗೇ ಗಟ್ಟಿ ಕೂತಿದೆ. ರೇಷ್ಮೆ ಪೂರ್ತಿ ಪುಡಿಪುಡಿ ಆಗಿ ಉದುರಿದೆ, ಅದರ ಮೇಲೆ ಹಾದುಹೋಗಿದ್ದ ಬಿಳಿ ನೂಲಿನ ಸಾಲು ಮಾತ್ರ ತುಂಡಾಗ್ದೆ ಖಾಲಿ ಜಾಗದಲ್ಲಿ ನಿಂತಿದೆ. ಅದು ನಂಗೆ ಕೌದಿ ಕಲಿಸಿದ ಅಕ್ಕನ ಹೊಲಿಗೆ, ನಂದಾಗಿದ್ರೆ ಯಾವತ್ತೋ ಕಿತ್ತು ಬರ್ತಿತ್ತು.

ಈ ಕೌದಿ ಹೊಲಿದಾಗ ನಾನು ಯಲ್ಲಾಪುರ ತಾಲೂಕಿನ ಒಂದು ಸಣ್ಣ ಶಾಲೇಲಿ ಇದ್ದೆ. ಶಿರಸಿಯಿಂದ ಮಂಚಿಕೇರಿ ದಾರಿ ಬಸ್ಸು ಹತ್ತಿ ನಡುವೆ ಇಳಿದು ಕಾಡಲ್ಲಿ ನಡೀಬೇಕು, ಮಳೆಗಾಲದಲ್ಲಿ ದಿನಾ ಓಡಾಡೂಕೆ ಆಗೂದಿಲ್ಲ ಅಂತ ಅಲ್ಲೇ ಒಂದು ರೂಮು ಮಾಡ್ಕಂಡಿದ್ದೆ. ಶಾಲೇಲಿ ಬಿಸಿಯೂಟ ಮಾಡ್ತಿದ್ದಿದ್ದು ಒಬ್ಬ ಸಿದ್ದಿ ಹೆಂಗಸು, ನಂಗಿಂತ ಹದಿನೈದು ವರ್ಷಕ್ಕೆ ದೊಡ್ಡೋರು, ನಾನು ಅಕ್ಕ ಅಂತಿದ್ದೆ ಅವರು ನಂಗೆ ಅಕ್ಕೋರೇ ಅಂತಿದ್ರು. ಸಿದ್ದಿಯರ ಬಗ್ಗೆ ನಂಗೆ ಗೊತ್ತಿದ್ದಿದ್ದು ಪುಸ್ತಕದಲ್ಲಿ ಓದಿದ್ದು ಅಷ್ಟೇ, ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರು ಅಂತ ತಂದಿದ್ದು, ಅಲ್ಲಿಂದ ತಪ್ಪಿಸ್ಕಂಡು ಬಂದೋರು ಈ ಕಾಡು ಸೇರಿದ್ದು. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ರಲ್ಲ, ಆ ಸರ್ಟಿಫಿಕೇಟು ತಮ್ಮ ಮಗಳಿಗೆ ಮಾಡಿಸೂಕೆ ಅಕ್ಕ ಅರ್ಜಿ ಹಿಡ್ಕಂಡು ನನ್ನ ಹತ್ರ ಬಂದಿದ್ರು, ನಾನು ತುಂಬಿಕೊಟ್ಟೆ. ಹಂಗೆ ಶುರುವಾಗಿದ್ದು ಸ್ನೇಹ.

ಒಂದಿನ ಅವರ ಮನೆಗೆ ಹೋದಾಗ ಜಗಲಿ ತುಂಬ ಒಂದು ಕೌದಿ ಹರವಿದ್ರು. ಕೆಂಪು, ಹಳದಿ, ಗಿಳಿಹಸಿರು, ಹೂವಿಂದು, ಪಟ್ಟೆದು, ಒಂದರ ಪಕ್ಕ ಒಂದು ಕೂತ್ಕಂಡಿದ್ದು ನೋಡಿ ನಾನು ಅಲ್ಲೇ ನಿಂತೆ. ನಮ್ಮನೇಲೂ ಕೌದಿ ಇದ್ವು, ಮಾಸಿದ ಸೀರೆ ಎರಡು ಪದರ ಮಾಡಿ ಹೊಲಿದಿದ್ದು, ಬಣ್ಣದ ಬಗ್ಗೆ ಯಾರೂ ತಲೆ ಕೆಡಿಸ್ಕಂಡಿರ್ಲಿಲ್ಲ. ನಂಗೂ ಕಲಿಸಿಕೊಡಿ ಅಂದೆ. ಹಳೆ ಬಟ್ಟೆ ತನ್ನಿ ಅಂದ್ರು ಅಷ್ಟೇ.

2010ರ ಫೆಬ್ರವರಿಲಿ ಶುರು ಮಾಡಿದ್ವಿ. ನಾನು ಪೇಪರಿನ ಮೇಲೆ ಡಿಸೈನ್ ಬರೆದು, ಸ್ಕೇಲು ಹಿಡಿದು, ಬಟ್ಟೆನೆಲ್ಲ ಒಂದೇ ಅಳತೆಗೆ ಕತ್ತರಿಸ್ಕಂಡು ಹೋಗಿದ್ದೆ, ನಡುವಿಗೆ ಒಂದು ದೊಡ್ಡ ಹೂವು, ಅಲ್ಲಿಂದ ಸುತ್ತ ಹೊಲಿಯೂದು ಅಂತ. ಅಕ್ಕ ಪೇಪರ್ ನೋಡಿ ಪಕ್ಕಕ್ಕೆ ಇಟ್ರು. "ನಡುವಿಂದ ಹೋದ್ರೆ ಗುಬ್ಬಾಗಿ ಕೂತ್ಕಂತದೆ ಅಕ್ಕೋರೇ, ಅಂಚಿಂದ ಬರ್ಬೇಕು" ಅಂದ್ರು. ಅಡಿಗೆ ಒಂದು ಹಳೆ ಸೀರೆ ಹಾಸಿ, ಅದರ ಅಂಚು ಒಳಗೆ ಮಡಚಿ, ಒಂದು ಮೂಲೆಯಿಂದ ಹೊಲಿಗೆ ಹಿಡಿದ್ರು. ತುಂಡು ಇಡೂದು, ಅದರ ಕಚ್ಚಾ ಅಂಚನ್ನ ಬೆರಳಲ್ಲೇ ಒಳಗೆ ಮಡಚೂದು, ಹೊಲಿಯೂದು, ಮುಂದಿನ ತುಂಡು ಇಡೂದು. ಒಂದು ಸುತ್ತು ಮುಗಿದ ಮೇಲೆ ಒಂದು ಬೆರಳಗಲ ಒಳಗೆ ಇನ್ನೊಂದು ಸುತ್ತು. ಹಿಂಗೇ ನಾಲ್ಕೂ ಬದಿಯಿಂದ ಒಳಗೊಳಗೆ ಬರ್ತಾ ಬರ್ತಾ ಕಡೆಗೆ ನಡುವಲ್ಲಿ ಮುಗೀತದೆ. ಯಾವ ತುಂಡಿನ ಪಕ್ಕ ಯಾವುದು ಅಂತ ಮೊದಲೇ ಗೊತ್ತಿರೂದಿಲ್ಲ, ಗಂಟು ಬಿಚ್ಚಿ ಒಂದ್ಸಲ ಕಣ್ಣು ಹಾಯಿಸಿ ಕೈ ಹಾಕ್ತಿದ್ರು, ಕೈಗೆ ಬಂದಿದ್ದು ಅಲ್ಲಿಗೇ ಹುಟ್ಟಿದ ಹಂಗೆ ಕೂತ್ಕಂತಿತ್ತು. ನಾನು ಎಷ್ಟೋ ಸಲ ಬೇಕಂತಲೇ ಬೇರೆ ತುಂಡು ಇಟ್ಟು ನೋಡಿದ್ದೇನೆ, ಸತ್ತಂಗೆ ಕಾಣ್ತಿತ್ತು.

ದಿನಾ ಮಕ್ಕಳು ಮನೆಗೆ ಹೋಗಿ, ಅಕ್ಕ ಪಾತ್ರೆ ತೊಳೆದು ಮುಗಿಸಿದ ಮೇಲೆ ಕತ್ತಲಾಗೂವರೆಗೆ ಕೂರ್ತಿದ್ವಿ, ಅವರು ಒಂದು ಬದಿಯಿಂದ ನಾನು ಎದುರು ಬದಿಯಿಂದ. ಅವರ ಸಾಲು ಅಕ್ಕಿಕಾಳು ಜೋಡಿಸಿಟ್ಟಂಗೆ ಇರ್ತಿತ್ತು, ನಂದು ಒಂದು ಉದ್ದ ಒಂದು ಗಿಡ್ಡ. ಬಿಚ್ಚಿ ಮತ್ತೆ ಹಾಕ್ತೆ ಅಂದ್ರೆ ಬಿಡ್ತಿರ್ಲಿಲ್ಲ, ಬಿಚ್ಚಿದ್ರೆ ಬಟ್ಟೆ ತೂತಾಗ್ತದೆ, ಮುಂದಿಂದು ಚಂದ ಹಾಕಿ ಅಂತಿದ್ರು. ಹೊಲಿತಾ ಹೊಲಿತಾ ಮಾತು. ಈ ತುಂಡು ಗಂಡನ ಅಂಗಿದು, ಇದು ಮಗಳು ಮೂರನೇ ಕ್ಲಾಸಲ್ಲಿ ಹಾಕಿದ ಫ್ರಾಕು, ಇದು ತಂಗಿ ಹೆರಿಗೆಗೆ ಬಂದಾಗ ಉಟ್ಟಿದ್ದು. ನಾನು ತಂದಿದ್ದರಲ್ಲಿ ಅಪ್ಪಯ್ಯನ ಪಂಚೆ ಇತ್ತು, ಆಯಿಯ ಎರಡು ಸೀರೆ, ಮತ್ತೆ ಆ ರೇಷ್ಮೆ ಬ್ಲೌಸ್ ಪೀಸು. ರೇಷ್ಮೆ ಬ್ಯಾಡ, ನೂಲು ಅದನ್ನ ಕೊಯ್ತದೆ ಅಂತ ಅವತ್ತೇ ಹೇಳಿದ್ರು. ಅದರ ನಡುವೆ ನಮ್ಮೂರ ಮಾರಿಕಾಂಬಾ ಜಾತ್ರೆ ಬಂತು, ಜಾತ್ರೆಪೇಟೇಲಿ ಒಂದು ಮೀಟರ್ ಕಡುಗೆಂಪು ಬಟ್ಟೆ ತಗಂಡು ಹೋದೆ. ಹೊಸದು ಹಾಕೂದಾದ್ರೆ ಮೊದಲು ಉಪ್ಪುನೀರಲ್ಲಿ ನೆನಸಿ, ಮುಂದೆ ತೊಳೆಯೂದು ತಣ್ಣೀರಲ್ಲೇ ಅಂತ ಹೇಳಿ ಅದನ್ನ ಜಾಗ ಜಾಗದಲ್ಲಿ ಹಾಕಿದ್ರು. ಕೌದಿಗೆ ಜೀವ ಬಂದಿದ್ದೇ ಆ ಕೆಂಪಿಂದ.

ಮೇ ಕೊನೆಗೆ ನಡು ಮುಚ್ಚಿದ್ವಿ. ಮುಗೀತು ಅಂತ ನಾನು ಎದ್ದರೆ ಅಕ್ಕ ಕೂರಿ ಅಂದ್ರು, ಫೂಲ್ ಇನ್ನೂ ಆಗ್ಲಿಲ್ಲ. ಸಣ್ಣ ಚೌಕದ ಬಟ್ಟೆನ ತ್ರಿಕೋನ ಮಡಚಿ ಮಡಚಿ ನಾಲ್ಕೂ ಮೂಲೆಗೆ ಹೊಲಿಯೂದು, ಅದೇ ಫೂಲ್. ಅದಿಲ್ದಿದ್ರೆ ಕೌದಿ ಬತ್ತಲೆ ಇದ್ದಂಗೆ, ಯಾರಿಗೂ ಕೊಡೂಕಾಗ ಅಂತ ಅವರಲ್ಲಿ ಮಾತು. ನಾಲ್ಕನೇ ಮೂಲೆದು ನನ್ನ ಕೈಲೇ ಹಾಕ್ಸಿದ್ರು. ಇವತ್ತು ಮುಟ್ಟಿ ನೋಡಿದೆ, ಇನ್ನೂ ಇದೆ.

ಆಮೇಲಿಂದು ಬರೀಬೇಕಾ ಬ್ಯಾಡ್ವಾ ಅಂತ ಸುಮಾರು ಹೊತ್ತು ಕೂತಿದ್ದೆ. ಮಳೆ ಹಿಡಿಯೂದರ ಒಳಗೆ ಕೌದಿ ಮನೆಗೆ ತಂದೆ. ಆಯಿ ಮುಟ್ಲಿಲ್ಲ. ಯಾರ್ಯಾರು ಉಟ್ಟ ಬಟ್ಟೆಯೇನ, ಮೊದಲು ತೊಳೆಯವು ಕೂಸೇ ಅಂದಳು. ಯಾರ್ಯಾರು ಅಂದ್ರೆ ಯಾರು ಅಂತ ನಂಗೆ ಗೊತ್ತಿತ್ತು. ಅಪ್ಪಯ್ಯನ ಪಂಚೆ, ಅವಳದೇ ಸೀರೆ ಅದರಲ್ಲೇ ಇದೆ ಅಂತ ಹೇಳ್ಬೋದಿತ್ತು, ಹೇಳ್ಲಿಲ್ಲ, ಸುಮ್ನೆ ನಿಂತೆ. ಹಂಡೆಯ ಕುದಿ ನೀರಿಗೆ ಸೋಡಾ ಹಾಕಿ ಎರಡು ಸಲ ತೊಳೆಸಿದಳು. ಕೆಂಪು ಬಿಟ್ಕಂತು. ಪಂಚೆಯ ಬಿಳಿ ತುಂಡಿನ ಮೇಲೆಲ್ಲ ಹರಡ್ತು, ಇವತ್ತಿಗೂ ಇದೆ ಆ ಕಲೆ. ಅದೇ ಆಷಾಢದಲ್ಲಿ ಆಯಿಯೇ ಆ ಕೌದಿ ಹೊದ್ದಳು, ಮುಂದೆ ಬಿಟ್ಟಿರ್ತಿರ್ಲಿಲ್ಲ, ಅದೂ ಸುಳ್ಳಲ್ಲ. ಆದ್ರೆ ಆ ದಿನ ನಾನು ಬಾಯಿ ಬಿಡ್ಲಿಲ್ಲ ಅನ್ನೂದು ಇವತ್ತಿಗೂ ನಂಗೆ ಚುಚ್ತದೆ. ಮರುವರ್ಷ ಅಕ್ಕ ಮಾರಿಗುಡಿಗೆ ಅಂತ ಶಿರಸಿಗೆ ಬಂದೋರು ನಮ್ಮನೆಗೂ ಬಂದು, ಕೌದಿ ಎಲ್ಲುಂಟು ಅಂತ ಕೇಳಿ, ಕಲೆ ನೋಡಿ, ಬಣ್ಣ ಬಿಟ್ಕಂತಾ ಅಂದ್ರು. ಮಳೇಲಿ ನೆಂದೋತು ಅಂದೆ.

ಆಯಿ ಹೋಗಿ ಆರು ವರ್ಷ. ನಂಗೂ ಟ್ರಾನ್ಸ್‌ಫರ್ ಆಗಿ ಎಷ್ಟೋ ವರ್ಷ ಆಯ್ತು. ಸಿದ್ದಿಯರ ಕೌದಿ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ರು ಅಂತ ಪೇಪರಲ್ಲಿ ಓದಿದಾಗ ಖುಷಿಗೆ ಅಕ್ಕನಿಗೆ ಫೋನ್ ಮಾಡಿದ್ದೆ, ಗೋಡೆಗೆ ತೂಗು ಹಾಕಿದ್ರಾ, ಯಾರೂ ಹೊದೆಯೂದಿಲ್ವಾ ಅಂತ ಕೇಳಿದ್ರು.

ಇವತ್ತು ಮಧ್ಯಾಹ್ನ ಊಟ ಆದ್ಮೇಲೆ ಮತ್ತೆ ಫೋನ್ ಮಾಡಿದೆ. ನಡುವಲ್ಲಿ ಹರಿದಿದೆ, ಒಂದು ತೇಪೆ ಹಾಕ್ಲಾ ಅಂತ ಕೇಳಿದೆ. ತೇಪೆ ಬ್ಯಾಡ, ಮೇಲೆ ಹೊಸದಾಗಿ ಬಟ್ಟೆ ಕೊಟ್ಟು ಅಂಚಿಂದ ಮತ್ತೆ ಹೊಲ್ಕಂಡು ಬರ್ಬೇಕು, ಹಳೇದು ಒಳಗೆ ಹೋಗ್ತದೆ ಅಂದ್ರು. ಹಂಗಾದ್ರೆ ಕಲೆನೂ ಒಳಗೆ ಹೋಗ್ತದೆ ಅಂತ ನಂಗೆ ಫಕ್ಕನೆ ಹೊಳೀತು, ಬಾಯಿಗೆ ಬಂದೇಬಿಡ್ತು. ಅಕ್ಕ, ಅದು ಮಳೇಲಿ ನೆಂದಿದ್ದಲ್ಲ, ಮನೇಲಿ ಬಿಸಿನೀರು ಹಾಕಿ ತೊಳೆಸಿದ್ವಿ, ಯಾಕೆ ಅಂದ್ರೆ ಅಂದೆ, ಮುಂದೆ ಮಾತು ಹೊರಡ್ಲಿಲ್ಲ.

"ಗೊತ್ತುಂಟು ಅಕ್ಕೋರೇ," ಅಂದ್ರು. "ತಣ್ಣೀರಿಗೆ ಅಷ್ಟು ಬಣ್ಣ ಬಿಡೂದಿಲ್ಲ. ಮುಟ್ಟಿದ ಕೂಡ್ಲೆ ಗೊತ್ತಾಗಿತ್ತು."

ಇಬ್ಬರೂ ಸ್ವಲ್ಪ ಹೊತ್ತು ಸುಮ್ನಿದ್ವಿ, ಆ ಕಡೆಯಿಂದಲೂ ಮಳೆ ಶಬ್ದ ಕೇಳ್ತಿತ್ತು.

"ಮಳೆ ಹೊಳವಾಗ್ಲಿ, ಬಸ್ಸಿಗೆ ಬರ್ತೆ," ಅಂದ್ರು ಆಮೇಲೆ. "ದಪ್ಪ ನೂಲು ತಂದಿಡಿ. ನಿಮ್ಮ ಆಯಿ ಸೀರೆ ಇದ್ರೆ ತೆಗೆದಿಡಿ, ಕಾಟನ್ನಿಂದು."