ಎಷ್ಟು ಬೇಗ ಓದಿದರೆ ಕಾದಂಬರಿ ದಕ್ಕುತ್ತದೆ? ದುರ್ಗದ ಓದುಗನ ಪ್ರಯೋಗ, ಇಲ್ಲಿಯವರೆಗೆ

ಮಾರ್ಚ್, ಯುಗಾದಿ ಹೊತ್ತಿಗೆ

ಈ ವರ್ಷದ ನನ್ನ ಹುಚ್ಚು ಇದು: ಕಾದಂಬರಿಗಳನ್ನು ಬೇರೆ ಬೇರೆ ವೇಗದಲ್ಲಿ ಓದುವುದು, ಎಷ್ಟು ಅರ್ಥವಾಯಿತು, ಎಷ್ಟು ಹಿಡಿಸಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಇದಕ್ಕೆ ಕಾರಣ ಅಕ್ಕನ ಮಗಳು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, ಪರೀಕ್ಷೆ ಇಲ್ಲದ ವಾರಗಳಲ್ಲಿ ಕಾದಂಬರಿ ಮೇಲೆ ಕಾದಂಬರಿ ಮುಗಿಸುತ್ತಾಳೆ. “ಮಾವ, ನಿಮ್ ಸ್ಪೀಡಿಗೆ ಪುಸ್ತಕ ಮುಗಿಯೋ ಹೊತ್ತಿಗೆ ಲೈಬ್ರರಿ ದಂಡದಲ್ಲೇ ಹೊಸದೊಂದು ಪುಸ್ತಕ ಬರುತ್ತೆ” ಅಂತ ರೇಗಿಸಿದಳು. ಎದುರು ಪಕ್ಷದಲ್ಲಿ ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರಿದ್ದಾರೆ. ಅವರ ಪ್ರಕಾರ ಅವಳು ಮಾಡುವುದು ಓದಲ್ಲ, “ಹಾಳೆ ಮಗುಚೋದು.” ಇಬ್ಬರ ಮಾತಿನಲ್ಲೂ ಹುರುಳಿದೆ ಅನ್ನಿಸಿತು. ಹಾಗಾಗಿ ಜಗಳ ತೀರ್ಮಾನಿಸುವ ಕೆಲಸ ನಾನೇ ವಹಿಸಿಕೊಂಡೆ.

ವಿಧಾನ ಸರಳ. ನಾನು ದುರ್ಗದಿಂದ ದಾವಣಗೆರೆಗೆ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿಬರುವವನು. ಸುಮಾರು ಅರವತ್ತು ಕಿಲೋಮೀಟರ್, ಹೆದ್ದಾರಿ, ಕಿಟಕಿ ಪಕ್ಕದ ಸೀಟು ಸಿಕ್ಕರೆ ಓದಬಹುದು. ಬಸ್ಸಿನಲ್ಲಿ ವೇಗದ ಓದು, ರಾತ್ರಿ ಮನೆಯಲ್ಲಿ ನಿಧಾನದ ಓದು. ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ ಮೂರು ಪ್ರಶ್ನೆಗೆ ಉತ್ತರ ಬರೆಯುವುದು: ಏನಾಯಿತು? ಆ ಹೊತ್ತಿಗೆ ಅಲ್ಲಿ ಯಾರ್‍ಯಾರಿದ್ದರು? ಯಾರು ಯಾವ ಮಾತನ್ನು ನುಂಗಿಕೊಂಡರು? ಹಿಡಿಸಿತೋ ಇಲ್ಲವೋ ಅನ್ನುವುದಕ್ಕೆ ಅಂಕ ಮಾತ್ರ ಆಗಲೇ ಕೊಡುವಂತಿಲ್ಲ, ಮರುದಿನ ಬೆಳಿಗ್ಗೆ ಕೊಡಬೇಕು. ಈ ಕೊನೆಯ ನಿಯಮ ಮೇಷ್ಟ್ರದ್ದು, ಇಡೀ ಪ್ರಯೋಗದಲ್ಲಿ ಅತಿ ಉಪಯೋಗಕ್ಕೆ ಬಂದದ್ದೂ ಅದೇ.

ಅಳತೆಯ ಬಗ್ಗೆ ಒಂದು ಮಾತು. ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸುವುದು ಇಂಗ್ಲಿಷಿನವರ ರೂಢಿ. ಮಾರ್ಕ್ ಬ್ರೈಸ್‌ಬರ್ಟ್ ಎಂಬ ಬೆಲ್ಜಿಯಂನ ಮನಶ್ಶಾಸ್ತ್ರಜ್ಞರು 2019ರಲ್ಲಿ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ವಯಸ್ಕರು ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಓದುವಾಗ ಸರಾಸರಿ ವೇಗ ಕಥನೇತರ ಬರಹಕ್ಕೆ ನಿಮಿಷಕ್ಕೆ 238 ಪದ, ಕಥೆ ಕಾದಂಬರಿಗೆ 260, ಗಟ್ಟಿಯಾಗಿ ಓದಿದರೆ 183. ಈ ಅಂಕಿಗಳನ್ನು ಕನ್ನಡಕ್ಕೆ ಹಾಗೇ ತಂದು ಹಚ್ಚಿದರೆ ನಾವೆಲ್ಲ ಮಂದಗತಿಯವರಾಗಿಬಿಡುತ್ತೇವೆ. ನಮ್ಮ ಪದಗಳು ವಿಭಕ್ತಿ, ಪ್ರತ್ಯಯ, ಸಂಧಿ ಎಲ್ಲವನ್ನೂ ಮೈಗಂಟಿಸಿಕೊಂಡು ಉದ್ದವಾಗುತ್ತವೆ. ಆದ್ದರಿಂದ ನಾನು ಗಂಟೆಗೆ ಎಷ್ಟು ಪುಟ ಎಂದಷ್ಟೇ ಬರೆದುಕೊಂಡೆ.

ಏಪ್ರಿಲ್

ಪತ್ತೇದಾರಿಯಿಂದ ಶುರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಳೆಯ ಪುಸ್ತಕಗಳು ಮನೆಯಲ್ಲಿದ್ದವು. ವೇಗವಾಗಿ ಓದಿದರೆ ಇವು ಪೂರ್ತಿ ದಕ್ಕುತ್ತವೆ. ನಿಧಾನವಾಗಿ ಓದಿದಾಗ ಹೆಚ್ಚಿನದೇನೂ ಸಿಗಲಿಲ್ಲ, ಮೇಲಾಗಿ ಬೇಸರವೂ ಬಂತು. ಭರಮಸಾಗರ ದಾಟುವಷ್ಟರಲ್ಲಿ ಅಪರಾಧಿ ಯಾರೆಂಬ ಅನುಮಾನ ಹುಟ್ಟಿ, ಆನಗೋಡು ಬರುವಷ್ಟರಲ್ಲಿ ಸುಳ್ಳಾಗಬೇಕು. ಅದನ್ನೇ ರಾತ್ರಿ ಹತ್ತು ಹತ್ತು ಪುಟ ಓದಿದರೆ ಅನುಮಾನಕ್ಕೆ ಕಾವೇ ಉಳಿಯುವುದಿಲ್ಲ. ಅಕ್ಕನ ಮಗಳಿಗೆ ಒಂದು ಅಂಕ.

ಮೇ

ಈಗ ಸಾಮಾಜಿಕ ಕಾದಂಬರಿ. ಇಲ್ಲಿ ಅವಳ ತಂತ್ರವನ್ನೇ ಕಲಿತು ಬಳಸಿದೆ: ಬೆರಳನ್ನು ಸಾಲಿನ ಮೇಲೆ ಓಡಿಸುವುದು, ಪ್ರತಿ ಪ್ಯಾರಾದ ಮೊದಲ ಸಾಲು ಹಿಡಿದು ಉಳಿದದ್ದರ ಮೇಲೆ ಕಣ್ಣಾಡಿಸುವುದು, ಹಿಂದಕ್ಕೆ ನೋಡಲೇಬಾರದು. ಈ ವಿದ್ಯೆಯ ಮೂಲ ಅಮೆರಿಕದ್ದು. ಎವೆಲಿನ್ ವುಡ್ ಎಂಬ ಶಿಕ್ಷಕಿ 1959ರಲ್ಲಿ ವೇಗದ ಓದಿನ ತರಗತಿಗಳನ್ನು ಶುರುಮಾಡಿದರು, ಆಮೇಲೆ ಅದೊಂದು ದೊಡ್ಡ ವ್ಯಾಪಾರವೇ ಆಯಿತು.

ನೋಟ್‌ಬುಕ್ಕಿನ ಫಲಿತಾಂಶ ವಿಚಿತ್ರವಾಗಿತ್ತು. “ಏನಾಯಿತು” ಎಂಬ ಪ್ರಶ್ನೆಗೆ ವೇಗದ ಓದಿನಲ್ಲೂ ಸರಿಯುತ್ತರವೇ ಬಂತು. ಮದುವೆ ಮುರಿಯಿತು, ಜಮೀನು ಹೋಯಿತು, ಮಗ ಊರು ಬಿಟ್ಟ, ಎಲ್ಲ ಗೊತ್ತು. “ಯಾರು ಯಾವ ಮಾತನ್ನು ನುಂಗಿಕೊಂಡರು” ಎಂಬುದಕ್ಕೆ ಮಾತ್ರ ಖಾಲಿ ಹಾಳೆ. ಎಲ್ಲಿ ಕೈತಪ್ಪುತ್ತಿದೆ ಎಂದು ಅದೇ ಪುಟಗಳನ್ನು ಮತ್ತೆ ತೆಗೆದು ನೋಡಿದಾಗ ಸಿಕ್ಕಿದ್ದು ನಮ್ಮ ವಾಕ್ಯರಚನೆ.

ಉದಾಹರಣೆಗೆ ನಾನೇ ಕಟ್ಟಿದ ಒಂದು ವಾಕ್ಯ: “ಅಣ್ಣ ಆ ರಾತ್ರಿ ಮನೆಗೆ ಬಂದು, ಪೆಟ್ಟಿಗೆ ತೆಗೆದು, ಅಪ್ಪನ ಕಾಗದಗಳನ್ನೆಲ್ಲ ಒಲೆಗೆ ಹಾಕಿ ಸುಟ್ಟನೆಂಬ ಮಾತನ್ನು ಅತ್ತಿಗೆ ಕೊನೆಯವರೆಗೂ ನಂಬಲಿಲ್ಲ.” ಕಣ್ಣಾಡಿಸುವವನ ಕೈಗೆ ಸಿಗುವುದು ಅಣ್ಣ, ಪೆಟ್ಟಿಗೆ, ಕಾಗದ, ಬೆಂಕಿ. ಅವನ ಮಟ್ಟಿಗೆ ಅಣ್ಣ ಕಾಗದ ಸುಟ್ಟಾಯಿತು. ಅದು ಊರವರ ಮಾತು, ಅತ್ತಿಗೆ ಅದನ್ನು ನಂಬದೇ ಇದ್ದಳು ಎಂಬುದೆಲ್ಲ ಕೊನೆಯ ಐದು ಪದಗಳಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, “ಇಲ್ಲ” ಅನ್ನುವುದೂ ಕೊನೆಗೇ. ಯಾರು ಹೇಳಿದರು, ಯಾರು ನಂಬಿದರು, ಆಯಿತೋ ಆಗಲಿಲ್ಲವೋ, ಎಲ್ಲದರ ತೀರ್ಮಾನ ವಾಕ್ಯದ ಬಾಲದಲ್ಲಿದೆ. ಕರ್ತೃ, ಕ್ರಿಯೆ ಎರಡನ್ನೂ ಮೊದಲೇ ಒಪ್ಪಿಸಿಬಿಡುವ ಭಾಷೆಯವರು ಮಾಡಿಕೊಂಡ ತಂತ್ರವನ್ನು ನಾವು ಹಾಗೇ ಹಿಡಿದರೆ ನಮ್ಮ ಕಾದಂಬರಿಗಳ ಅತ್ತಿಗೆಯರೆಲ್ಲ ಮಾಯವಾಗುತ್ತಾರೆ.

ಹಿಂದಕ್ಕೆ ನೋಡಬಾರದು ಎಂಬ ನಿಯಮವೂ ಅಷ್ಟೇ ಕೆಟ್ಟದ್ದು. ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ, ಸುಮಾರು ಕಾಲು ಸೆಕೆಂಡಿಗೊಮ್ಮೆ ನಿಂತು ನಿಂತು ನೆಗೆಯುತ್ತದೆ. ಇಂಗ್ಲಿಷ್ ಓದುಗರಲ್ಲಿ ಈ ನೆಗೆತಗಳ ಪೈಕಿ ನೂರಕ್ಕೆ ಹತ್ತು ಹದಿನೈದು ಹಿಂದಕ್ಕೆ ಹೋಗುವಂಥವು. 2014ರಲ್ಲಿ ಎಲಿಜಬೆತ್ ಶಾಟರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು: ಪರದೆಯ ಮೇಲೆ ಓದುಗರು ದಾಟಿಬಂದ ಪದಗಳನ್ನೆಲ್ಲ ಅಳಿಸುತ್ತ ಹೋದರು, ಹಿಂದಕ್ಕೆ ನೋಡಿದರೂ ಏನೂ ಕಾಣದ ಹಾಗೆ. ಅರ್ಥಗ್ರಹಣ ಕುಸಿಯಿತು. 2016ರಲ್ಲಿ ಕೀತ್ ರೇನರ್ ಮತ್ತು ಇತರರ ವಿಮರ್ಶಾ ಲೇಖನವೂ ಇದೇ ಧಾಟಿಯದು: ಅರ್ಥ ಬಿಟ್ಟುಕೊಡದೆ ವೇಗವನ್ನು ಎರಡು ಮೂರು ಪಟ್ಟು ಹೆಚ್ಚಿಸುವ ಉಪಾಯ ಇಲ್ಲ. ಓದು ಚುರುಕಾಗಬೇಕಾದರೆ ಭಾಷೆಯ ಪರಿಚಯ ಬೆಳೆಯಬೇಕು, ಅಂದರೆ ಹೆಚ್ಚು ಓದಬೇಕು.

ಇನ್ನು ಮರುದಿನದ ಅಂಕ. ಬಸ್ಸಿಳಿಯುವಾಗ ವೇಗದ ಓದಿಗೆ ಹತ್ತಕ್ಕೆ ಎಂಟು ಕೊಡುವ ಹುಮ್ಮಸ್ಸು ಇರುತ್ತಿತ್ತು. ಬೆಳಿಗ್ಗೆ ಎದ್ದಾಗ ಐದು. ನಿಧಾನದ ಓದಿಗೆ ರಾತ್ರಿ ಆರು ಅನ್ನಿಸಿದ್ದು ಬೆಳಿಗ್ಗೆ ಏಳಾಗಿರುತ್ತಿತ್ತು. ಓದಿದವನು ನಾನೊಬ್ಬನೇ, ಅಂಕ ಕೊಟ್ಟವನೂ ನಾನೇ. ಇದನ್ನು ಶಾಸ್ತ್ರ ಎಂದು ಯಾರೂ ತಿಳಿಯಬೇಕಿಲ್ಲ.

ಜೂನ್, ಜುಲೈ

ದುರ್ಗದವನಾಗಿ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಬಿಟ್ಟು ಈ ಪ್ರಯೋಗ ಮುಗಿಸುವಂತಿಲ್ಲ. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕೃತಿ. ಈ ಪುಸ್ತಕದಲ್ಲಿ ನನಗೆ ಬೇಕಾದ ಒಂದು ಅನುಕೂಲ ಇತ್ತು: ಕೊನೆ ಏನಾಗುತ್ತದೆಂದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು, ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಪುಟ ಮಗುಚುವ ಆತುರಕ್ಕೆ ಅರ್ಧ ಕಾರಣ “ಮುಂದೇನು” ಎಂಬ ಪ್ರಶ್ನೆ ತಾನೆ? ಆ ಪ್ರಶ್ನೆಯೇ ಇಲ್ಲದ ಕಡೆ ವೇಗಕ್ಕೆ ಏನು ಕೆಲಸ ಅಂತ ನೋಡಬೇಕಿತ್ತು.

ಮೊದಲ ಕೆಲವು ಅಧ್ಯಾಯ ಬಸ್ಸಿನಲ್ಲಿ ಓದಿದೆ. ಸಂಭಾಷಣೆ ಓಡಿತು. ಕೋಟೆಯ ವಿವರ ಬಂದ ಕಡೆಯೆಲ್ಲ ಕಣ್ಣು ತಾನೇ ಜಿಗಿದು ಮುಂದಿನ ಮಾತಿಗೆ ಹೋಯಿತು. ಹುಟ್ಟಿದಾಗಿನಿಂದ ನೋಡಿದ ಕೋಟೆ, ಓದುವುದೇನಿದೆ ಅನ್ನುವ ಧಿಮಾಕೂ ಇತ್ತು ಅನ್ನಿ. ಆಮೇಲೆ ಒಂದು ಭಾನುವಾರ ಪುಸ್ತಕ ಕೈಲಿ ಹಿಡಿದೇ ಕೋಟೆ ಹತ್ತಿದೆ. ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಅಲ್ಲಿಂದ ತುಪ್ಪದ ಕೊಳದ ಕಡೆ. ಬಾಗಿಲಿನಿಂದ ಬಾಗಿಲಿಗೆ ದಾರಿ ಎಲ್ಲೂ ನೇರ ಹೋಗುವುದಿಲ್ಲ, ಪ್ರತಿ ತಿರುವಿನಲ್ಲೂ ಗೋಡೆ ಎದುರಾಗುತ್ತದೆ. ನುಗ್ಗಿ ಬರುವ ಸೈನ್ಯದ ವೇಗ ಮುರಿಯಲೆಂದೇ ಹಾಗೆ ಕಟ್ಟಿದ್ದು. ಕೆಳಗೆ ದಿಡ್ಡಿಯಲ್ಲಿ ಹೇಳಿ ಕಳಿಸಿದ ಸುದ್ದಿ ಮೇಲೆ ಅರಮನೆಗೆ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದು ಕಾಲಿಗೆ ಗೊತ್ತಾಯಿತು. ಆ ಹೊತ್ತು ಗೊತ್ತಿಲ್ಲದಿದ್ದರೆ ಮುತ್ತಿಗೆಯ ಕಥೆಯಲ್ಲಿ ಆತಂಕ ಎಲ್ಲಿಂದ ಬರಬೇಕು?

ಮನೆಗೆ ಬಂದು ಅದೇ ಅಧ್ಯಾಯಗಳನ್ನು ನಿಧಾನವಾಗಿ ಓದಿದೆ. ಗಂಟೆಗೆ ಇಪ್ಪತ್ತು ಪುಟವೂ ಸಾಗಲಿಲ್ಲ, ಸಾಗಬೇಕು ಅನ್ನಿಸಲೂ ಇಲ್ಲ. ದಕ್ಷಿಣ ಆಫ್ರಿಕದ ಮನಶ್ಶಾಸ್ತ್ರಜ್ಞ ವಿಕ್ಟರ್ ನೆಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಆಗ ನೆನಪಿಗೆ ಬಂತು. ಸಂತೋಷಕ್ಕಾಗಿ ಓದುವವರ ವೇಗ ಒಂದೇ ಪುಸ್ತಕದೊಳಗೆ ಬಹಳ ಏರಿಳಿಯುತ್ತದೆ, ತೀರಾ ಮೆಚ್ಚಿದ ಪುಟಗಳನ್ನು ಜನ ನಿಧಾನವಾಗಿ ಓದುತ್ತಾರೆ ಎಂದು ಅವರು ಕಂಡುಕೊಂಡಿದ್ದರು. ಅಂದರೆ ನಾವು ನಿಧಾನವಾಗಿ ಓದಿದ್ದಕ್ಕೇ ಖುಷಿ ಹುಟ್ಟುತ್ತದೆ ಎಂದಲ್ಲ, ಖುಷಿಯಾದ ಕಡೆ ಕಾಲು ತಾನಾಗಿ ನಿಲ್ಲುತ್ತದೆ. ಮೇಷ್ಟ್ರಿಗೆ ಇದನ್ನು ಹೇಳಿದರೆ, “ಗೊತ್ತಿದ್ದ ವಿಷಯಕ್ಕೂ ಪರದೇಶದೋರು ಸಾಕ್ಷಿ ಹೇಳ್ಬೇಕೇನಪ್ಪ?” ಅಂದರು.

ಆದರೆ ಮೇಷ್ಟ್ರ ಪಕ್ಷಕ್ಕೂ ಒಂದು ಪೆಟ್ಟು ಬಿತ್ತು. ಅದೇ ಪುಸ್ತಕವನ್ನು ದಿನಕ್ಕೆ ಏಳೆಂಟು ಪುಟದಂತೆ ಓದಿದ ಅವಧಿಯಲ್ಲಿ ಕಥೆ ಚದುರಿಹೋಯಿತು. ಸರದಾರರು, ಬಂಧುಗಳು, ಆಸುಪಾಸಿನ ಸಂಸ್ಥಾನಗಳು, ಮರಾಠರು, ಹೈದರನ ಕಡೆಯವರು. ಯಾರು ಯಾರಿಗೆ ಏನಾಗಬೇಕು ಎಂಬುದು ವಾರ ಕಳೆಯುವಷ್ಟರಲ್ಲಿ ಮಸುಕಾಗುತ್ತಿತ್ತು. ಪ್ರತಿ ರಾತ್ರಿ ಮೊದಲ ಎರಡು ಪುಟ ಹಿಂದಿನದ್ದನ್ನು ನೆನಪಿಸಿಕೊಳ್ಳುವುದಕ್ಕೇ ಹೋಗುತ್ತಿತ್ತು. ಸಾಲಿನ ಮಟ್ಟದಲ್ಲಿ ಎಲ್ಲ ದಕ್ಕಿ, ಕಾದಂಬರಿಯ ಮಟ್ಟದಲ್ಲಿ ಏನೂ ದಕ್ಕದ ಸ್ಥಿತಿ. ಒಂದೇ ಸಲ ಕೂತು ನಲವತ್ತು ಐವತ್ತು ಪುಟ, ಆದರೆ ಆತುರವಿಲ್ಲದೆ, ಓದಿದ ದಿನಗಳಲ್ಲಿ ಈ ತೊಂದರೆ ಇರಲಿಲ್ಲ. ವೇಗ ಬೇರೆ, ಬಿಡುವಿಲ್ಲದೆ ಓದುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ಮೇಷ್ಟ್ರೂ ಅಕ್ಕನ ಮಗಳೂ ಜಗಳಾಡುತ್ತಿದ್ದಾರೆ ಎಂಬುದು ಈವರೆಗಿನ ನನ್ನ ತೀರ್ಪು.

ಹಾಗಾದರೆ ವಾರಪತ್ರಿಕೆಯ ಧಾರಾವಾಹಿಗಳು? ‘ಸುಧಾ’ 1965ರಲ್ಲಿ ಶುರುವಾದಾಗಿನಿಂದ ನಮ್ಮ ಮನೆಗಳಲ್ಲಿ ವಾರಕ್ಕೊಂದು ಕಂತಿನ ಲೆಕ್ಕದಲ್ಲೇ ಎಷ್ಟೋ ಕಾದಂಬರಿ ಓದಿಯಾಗಿದೆ. ಅಮ್ಮನನ್ನು ಕೇಳಿದೆ. “ಮರೆಯೋಕೆ ಎಲ್ಲಿ ಬಿಡ್ತಿದ್ರು? ನಲ್ಲಿ ಹತ್ರ, ಗುಡಿ ಹತ್ರ, ವಾರವೆಲ್ಲ ಅದೇ ಮಾತು” ಅಂದಳು. ಮುಂದಿನ ಕಂತು ಬರುವವರೆಗೆ ಬೀದಿಯ ಹೆಂಗಸರೆಲ್ಲ ಸೇರಿ ಕಥೆಯನ್ನು ಬೆಚ್ಚಗೆ ಇಟ್ಟಿರುತ್ತಿದ್ದರು. ನಾನೋ, ಒಬ್ಬನೇ ಓದಿ ಲೈಟ್ ಆರಿಸುವವನು.

ಶ್ರಾವಣ

ದೇವನೂರ ಮಹಾದೇವರ ‘ಕುಸುಮಬಾಲೆ’. ಪುಟ ಲೆಕ್ಕದಲ್ಲಿ ಸಣ್ಣದು, ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಸಾಗಿದ್ದೂ ಇದೇ. ನಂಜನಗೂಡು ಕಡೆಯ ನುಡಿ ನಮ್ಮ ಬಯಲುಸೀಮೆಯ ಕಣ್ಣಿಗೆ ಹೊಸದು. ಮನಸ್ಸಿನಲ್ಲೇ ಓದಿದರೆ ಪ್ರತಿ ಸಾಲಿನಲ್ಲೂ ಎಡವು. ಅಕ್ಕನ ಮಗಳು ಕೂಡ ಎರಡನೇ ಪುಟಕ್ಕೆ ಕೈಚೆಲ್ಲಿದಳು. ಕೊನೆಗೆ ಮೇಷ್ಟ್ರ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆವು, ಸರದಿಯಂತೆ. ಕಿವಿಗೆ ಬಿದ್ದ ಮೇಲೆ ಅರ್ಥ ತಾನೇ ಬಂತು, ಅದಾದ ಮೇಲೆ ಮೌನದ ಓದೂ ಸಲೀಸಾಯಿತು. ವೇಗವಾಗಿ ಓದಬೇಕಾದರೆ ಬಾಯಿ ಅಲ್ಲಾಡಿಸಬಾರದು, ಮನಸ್ಸಿನೊಳಗೂ ದನಿ ಇರಬಾರದು ಎಂದು ಕಲಿಸುವವರಿಗೆ ಈ ಪುಸ್ತಕ ಕೊಟ್ಟು ನೋಡಬೇಕು.

ಮೇಷ್ಟ್ರು ಇದಕ್ಕೆ ಗಮಕದ ಉದಾಹರಣೆ ಕೊಟ್ಟರು. ಗಮಕಿ ಕುಮಾರವ್ಯಾಸನ ಒಂದು ಷಟ್ಪದಿ ವಾಚಿಸಿ ನಿಲ್ಲುತ್ತಾನೆ, ವ್ಯಾಖ್ಯಾನಕಾರ ಅದನ್ನು ಬಿಡಿಸುತ್ತಾನೆ, ಆಮೇಲೆ ಮುಂದಿನದು. ಒಂದು ಸಂಜೆಗೆ ಒಂದು ಪ್ರಸಂಗ ಮುಗಿದರೆ ಹೆಚ್ಚು. ಕೇಳುವವರಿಗೆ ಭಾರತದ ಕಥೆ ಮೊದಲೇ ಗೊತ್ತು, ದುರ್ಗದವರಿಗೆ ಮದಕರಿಯ ಕಥೆ ಗೊತ್ತಿದ್ದ ಹಾಗೆ.

ಆಡಿಯೋ ಪುಸ್ತಕವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಕೇಳಿ ನೋಡಿದೆ. ಅರ್ಥವಾಗುತ್ತದೆ, ಆದರೆ ಓದುವವರು ಬೇಕೆಂದೇ ಕೊಟ್ಟ ನಿಲುಗಡೆಗಳೆಲ್ಲ ಕುಗ್ಗಿ, ಸಾವಿನ ಸುದ್ದಿಯೂ ಬಸ್ ಸ್ಟ್ಯಾಂಡಿನ ಪ್ರಕಟಣೆ ಥರ ಕೇಳುತ್ತದೆ. ಕೈಬಿಟ್ಟೆ.

ಸದ್ಯಕ್ಕೆ

ನನ್ನ ಓದು ಈಗ ಒಂದೇ ವೇಗದಲ್ಲಿ ಇಲ್ಲ. ಮಾತುಕತೆಯ ಪುಟಗಳು ಓಡುತ್ತವೆ, ಉದ್ದ ವಾಕ್ಯದ ಬಾಲ ಬರುವಾಗ ತಡೆದು ನಿಲ್ಲುತ್ತೇನೆ, ದೊಡ್ಡ ಕಾದಂಬರಿಯನ್ನು ರಜೆ ಇದ್ದ ದಿನ ಮಾತ್ರ ಶುರು ಮಾಡುತ್ತೇನೆ. ಮುಂದಿನ ಸುತ್ತಿಗೆ ತ.ರಾ.ಸು. ಅವರದ್ದೇ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೂರನ್ನೂ ಒಂದರ ಹಿಂದೊಂದು ಓದುವ ಯೋಜನೆ ಇದೆ. ಈ ಸಲ ಅಕ್ಕನ ಮಗಳು ತನ್ನ ವೇಗದಲ್ಲಿ ಮೊದಲು ಓದುತ್ತಾಳೆ, ಮೇಷ್ಟ್ರು ಪ್ರಶ್ನೆಪತ್ರಿಕೆ ತಯಾರಿಸುತ್ತಾರೆ, ಇಬ್ಬರ ಉತ್ತರವನ್ನೂ ಅವರೇ ತಿದ್ದುತ್ತಾರೆ. “ಹೆಸರು ಬರೀದೆ ಉತ್ತರ ಕೊಡ್ತೀವಿ, ಇಲ್ಲಾಂದ್ರೆ ಮೇಷ್ಟ್ರು ನಿಮ್ಮ ಕಡೆ ವಾಲ್ತಾರೆ” ಎಂಬ ಷರತ್ತು ಅವಳದ್ದು. ಇಬ್ಬರ ಕೈಬರಹವೂ ಮೇಷ್ಟ್ರಿಗೆ ಗೊತ್ತಿರುವುದರಿಂದ ಟೈಪ್ ಮಾಡಿ ಕೊಡುವುದೆಂದು ತೀರ್ಮಾನವಾಗಿದೆ.