ನೀನಾ ಮಾರ್ನಿ

ಆಸ್ಟ್ರೇಲಿಯಾದ ಅಡಿಲೇಡ್‌ನ ವಿಕ್ಟೋರಿಯಾ ಚೌಕದಲ್ಲಿ ಟ್ರಾಮ್ ಇಳಿದಾಗಲೆಲ್ಲ ಆ ಜಾಗದ ಇನ್ನೊಂದು ಹೆಸರನ್ನು, ತಾರ್ನ್‌ತಾನ್ಯಾಂಗ್ಗ ಎಂಬುದನ್ನು, ಮೆಲುದನಿಯಲ್ಲಿ ಒಮ್ಮೆ ಹೇಳಿಕೊಳ್ಳುತ್ತೇನೆ. ಅದು ಈ ಬಯಲಿನ ಮೂಲನಿವಾಸಿಗಳಾದ ಗಾರ್ನಾ ಜನರ ಮಾತು, ಕೆಂಪು ಕಾಂಗರೂವಿನಿಂದ ಬಂದ ಹೆಸರು. ಆ ನುಡಿಯನ್ನು ಬಲ್ಲ ಕೊನೆಯವರೆಂದು ದಾಖಲಾದ ಇವಾರಿಟ್ಜಿ 1929ರಲ್ಲಿ ತೀರಿಕೊಂಡರು. ಇಬ್ಬರು ಜರ್ಮನ್ ಪಾದ್ರಿಗಳು 1840ರಲ್ಲಿ ಅಚ್ಚು ಹಾಕಿಸಿದ್ದ ವ್ಯಾಕರಣ ಮತ್ತು ಪದಪಟ್ಟಿಯನ್ನು ಹಿಡಿದು ಆ ಸಮುದಾಯದವರು ಈಗ ಅದನ್ನು ಮತ್ತೆ ನಾಲಿಗೆಗೆ ತಂದುಕೊಳ್ಳುತ್ತಿದ್ದಾರೆ. ಕಿಟ್ಟೆಲರ ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡು ಬೆಳೆದ ನನಗೆ, ಒಂದು ಭಾಷೆಯ ಉಸಿರು ಒಂದು ತೆಳುವಾದ ಪುಸ್ತಕದಲ್ಲಿ ಅಷ್ಟು ಕಾಲ ಉಳಿದಿತ್ತೆಂಬುದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಗಾರ್ನಾ ಜನರು ಎದುರಾದವರನ್ನು ‘ನೀನಾ ಮಾರ್ನಿ’ ಎಂದು ವಿಚಾರಿಸುತ್ತಾರೆ, ಅಂದರೆ ನೀನು ಚೆನ್ನಾಗಿದ್ದೀಯಾ ಎಂದು. ಮೊದಲ ಪದ ಕಿವಿಗೆ ಬಿದ್ದಾಗ ನಾನು ಬೆಚ್ಚಿಬಿದ್ದೆ, ಏಕೆಂದರೆ ಅದರ ಅರ್ಥ ನಮ್ಮ ‘ನೀನು’ ಎಂದೇ. ದ್ರಾವಿಡ ಮತ್ತು ಆಸ್ಟ್ರೇಲಿಯಾದ ನುಡಿಗಳ ಸರ್ವನಾಮಗಳ ಹೋಲಿಕೆಯನ್ನು ಭಾಷಾತಜ್ಞ ಕಾಲ್ಡ್‌ವೆಲ್ ಅವರು 19ನೇ ಶತಮಾನದಲ್ಲೇ ಗಮನಿಸಿದ್ದರು. ನಂಟು ಮಾತ್ರ ಸಾಬೀತಾಗಿಲ್ಲ.

2021ರ ಜನಗಣತಿಯ ಪ್ರಕಾರ ಈ ದೇಶದ ಮನೆಗಳಲ್ಲಿ ಇಂಗ್ಲಿಷ್ ಬಿಟ್ಟರೆ ಅತಿ ಹೆಚ್ಚು ಬಳಕೆಯಲ್ಲಿರುವುದು ಮ್ಯಾಂಡರಿನ್. ಇಂದು ಟ್ರಾಮಿನಲ್ಲಿ ಪಂಜಾಬಿ, ವಿಯೆಟ್ನಾಮಿ ಮಾತುಗಳ ನಡುವೆ ಕುಳಿತು, ಅಮ್ಮನೊಡನೆ ಫೋನಿನಲ್ಲಿ ದನಿ ತಗ್ಗಿಸದೆ ಕನ್ನಡದಲ್ಲೇ ಮಾತನಾಡಿದೆ.