ಮಗನ ಬುಲೆಟ್ಟಿನ ಮಳೆಗಾಲ

ಜೂನ್ ಶುರು
ಮಗ ಲೇಹ್ ಕಡೆ ಡ್ಯೂಟಿಯಲ್ಲಿದ್ದಾನೆ. ಅವನ 2019ರ ಬುಲೆಟ್ ಬೈಕು, ಕ್ಲಾಸಿಕ್ 350, ತೀರ್ಥಹಳ್ಳಿ ಹತ್ತಿರ ನಮ್ಮ ಮನೆಯಲ್ಲಿದೆ. ಮಳೆ ಹಿಡಿಯುವ ಮೊದಲು ಜಾಗ ಬದಲಾಯಿಸಿದೆ. ಕೊಟ್ಟಿಗೆ ಪಕ್ಕದ ಮಾಡಿನಡಿ ಗಂಜಲದ ಆವಿ, ಕ್ರೋಮ್ ಬಾಳುವುದಿಲ್ಲ. ಜೊತೆಗೆ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಕೊಳೆರೋಗದ ಮದ್ದು) ಹೊಡೆಯುವ ಕಾಲ. ಡ್ರಮ್ಮು, ಪೈಪು, ಮೈಲುತುತ್ತದ ಚೀಲ ಎಲ್ಲ ಅಲ್ಲೇ. ಮೈಲುತುತ್ತದ ನೀರು ಕಬ್ಬಿಣವನ್ನು ತಿಂದು ಹಾಕುತ್ತದೆ. ಅದಕ್ಕೇ ಅಲ್ವಾ ಮದ್ದನ್ನು ಪ್ಲಾಸ್ಟಿಕ್ ಡ್ರಮ್ಮಲ್ಲಿ ಕಲಸೋದು? ಬೈಕು ಹತ್ತಿರ ಹತ್ತಿರ ಎರಡು ಕ್ವಿಂಟಲ್ ಭಾರ. ಹಲಗೆ ಕೊಟ್ಟು ಜಗಲಿಗೆ ಹತ್ತಿಸಿದೆವು. ಮನೆಯವಳು ಇನ್ನೂ ಮಾತಾಡ್ತಿಲ್ಲ.

ಟ್ಯಾಂಕ್ ಕಂಠಮಟ್ಟ ತುಂಬಿಸಿದೆ. ಅರ್ಧ ಖಾಲಿ ಇದ್ದರೆ ಒಳಗೆ ತೇವ ಕೂತು ತುಕ್ಕು ಹಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ, ಅದು ನೀರು ಎಳೆದುಕೊಳ್ಳುತ್ತದೆ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿಯನ್ನು ಮುಚ್ಚಿ, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಬಿಟ್ಟೆ. ಕಾರ್ಬುರೇಟರ್ ಖಾಲಿ. ಬ್ಯಾಟರಿ ಬಿಚ್ಚಿ ಒಳಗಿಟ್ಟೆ.

ಜುಲೈ
ಫೋನಲ್ಲಿ ಮಗನ ಅಪ್ಪಣೆ: "ಅಪ್ಪಾ, ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡು." ನಾನು ಒಪ್ಪಲಿಲ್ಲ. ಎಲ್ಲರೂ ಹೇಳುವುದು ಇದನ್ನೇ, ಆದರೆ ಅದರಿಂದ ಕೆಡುವುದೇ ಜಾಸ್ತಿ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಐದು ನಿಮಿಷಕ್ಕೆ ಸೈಲೆನ್ಸರ್ ಪೂರ್ತಿ ಕಾಯುವುದಿಲ್ಲ, ಆ ನೀರು ಒಳಗೇ ಉಳಿದು ತಗಡು ತಿನ್ನುತ್ತದೆ. ಎಂಜಿನ್ ಆಯಿಲ್‌ಗೂ ಸೇರುತ್ತದೆ. ಸೆಲ್ಫ್ ಹೊಡೆದಾಗ ಹೋದ ಚಾರ್ಜು ಅಷ್ಟರಲ್ಲಿ ವಾಪಸ್ ಬರುವುದೂ ಇಲ್ಲ. ಎಂಜಿನ್ ಸರಿಯಾಗಿ ಕಾಯಬೇಕಾದರೆ ಆಗುಂಬೆ ತನಕ ಓಡಿಸಬೇಕು. ಜುಲೈಯಲ್ಲಿ ಆಗುಂಬೆಗೆ ಯಾರು ಹೋಗ್ತಾರೆ? ಸುಮ್ನೆ ನಿಲ್ಲಲಿ ಅಂದೆ. "ಹ್ಞೂಂ" ಅಂದ, ಒಪ್ಪಿದ ಹಾಗೆ ಕೇಳಲಿಲ್ಲ.

ಆಗಸ್ಟ್
ಸೀಟಿಗೆ ಬೂಷ್ಟು. ಹೊಲಿಗೆಯ ಗೆರೆಯುದ್ದಕ್ಕೂ ಬೆಳ್ಳಗೆ, ಉಜ್ಜಿದರೆ ಬೆರಳಿಗೆ ಹಿಟ್ಟಿನಂತೆ ಬರುತ್ತದೆ. ಪ್ಲಾಸ್ಟಿಕ್ ಕವರ್ ತೆಗೆದು ಹಳೆ ಪಂಚೆ ಹೊದಿಸಿದೆ, ಗಾಳಿಯಾಡಲಿ. ಸ್ಪೋಕಿಗೆಲ್ಲ ಎಣ್ಣೆ ಒರೆಸಿದೆ. ಇಲಿ ಹೋಗದಂತೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ತುದಿ ಹೊರಗೆ ನೇತಾಡುವ ಹಾಗೆ ಬಿಟ್ಟಿದ್ದೇನೆ.

ಸೆಪ್ಟೆಂಬರ್ ಕೊನೆ
ಬಿಸಿಲು ಬಂತು. ಬ್ಯಾಟರಿ ಕೂರಿಸಿ, ಬಟ್ಟೆ ತೆಗೆದು ಕಿಕ್ ಹೊಡೆದೆ. ಸ್ವಲ್ಪ ಸತಾಯಿಸಿ ಹಿಡಿಯಿತು. ಅವತ್ತೇ ಆಗುಂಬೆವರೆಗೆ ಹೋಗಿ ಬಂದೆ. ಎಮಿಷನ್ ಟೆಸ್ಟ್ ಮಾಡಿಸಿಯಾಯಿತು, ಇನ್ಶೂರೆನ್ಸೂ ಕಟ್ಟಿದೆ. ಚೈನ್ ಸ್ಪ್ರಾಕೆಟ್ ಸವೆದಿದೆ. ಅಡಿಕೆ ಕೊಯ್ಲಿನ ಹೊತ್ತಿಗೆ ರಜೆಗೆ ಬರುತ್ತಾನಂತೆ, ಅದನ್ನು ಅವನ ದುಡ್ಡಲ್ಲೇ ಹಾಕಿಸಲಿ.